ಅಕ್ಕ ತಡೆಯದ ಬಾಗಿಲು

ಮಾರ್ಚ್ 12, ಬುಧವಾರ, ಬೆಳಿಗ್ಗೆ

ಅಕ್ಕ ‘ಬರ್ರಿ’ ಅಂದರು! ಒಂದೇ ಪದ. ಇಮೋಜಿ ಇಲ್ಲ, ಏನಿಲ್ಲ — ಆದರೂ ‘ಬರ್ರಿ’! ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಿರುಚಿದೆ. ಸ್ಮೋಕ್ ಅಲಾರ್ಮ್ ಹೊಡೆಯಿತೇನೋ ಅಂತ ಪ್ರಸಾದ್ ಓಡಿ ಬಂದ. ಮೆಸೇಜು ಓದಿದ. ಮತ್ತೆ ಓದಿದ. ಹೋಗಿ ದೋಸೆ ತಿರುವಿದ. ಸೀದಿತ್ತು. ಅದನ್ನೇ ತಿಂದ.

ಮಾಧುರಿ ಅಕ್ಕ ನನ್ನ ಗಂಡನಿಗೆ ಇರುವ ಒಬ್ಬರೇ ಅಕ್ಕ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಫಿಸಿಯೋಥೆರಪಿಸ್ಟ್. ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಾದ ನಮ್ಮ ಮದುವೆಗೆ ಬರಲಿಲ್ಲ. ಅವತ್ತಿನಿಂದ ತಮ್ಮನ ಜೊತೆ ಮಾತೂ ಇಲ್ಲ. ಯಾಕೆ ಅಂದರೆ ಅವನದು ಒಂದೇ ಉತ್ತರ — ‘ಆಮೇಲೆ ಹೇಳ್ತೀನಿ.’ ಕಾಯಲು ನನ್ನಿಂದ ಆಗುತ್ತದೆಯೇ? ನಾನೇ ಬರೆದೆ: ಹನಿಮೂನಿಗೆ ಮರುಭೂಮಿಯ ಪಾರ್ಕುಗಳನ್ನು ನೋಡಲು ಹೊರಟಿದ್ದೇವೆ, ನಿಮ್ಮ ಊರು ದಾರಿಯಲ್ಲೇ ಇದೆ. ಮ್ಯಾಪ್ ನೋಡಿದರೆ ಅಷ್ಟೇನೂ ದಾರಿಯಲ್ಲಿಲ್ಲ!

ನಾಳೆ ಹೊರಡುವುದು. ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಲ್ಯಾಬಿನಲ್ಲಿ ಪ್ರಸಾದನಿಗೆ ರಜೆ ಕೊಟ್ಟ ಪುಣ್ಯಾತ್ಮ ಚೆನ್ನಾಗಿರಲಿ.

ಮಾರ್ಚ್ 14, ಶುಕ್ರವಾರ, ಡೆತ್ ವ್ಯಾಲಿ

ಉಪ್ಪಿನ ಮೇಲೆ ನಡೆದೆ! ಕಣ್ಣು ಹೋಗುವಷ್ಟು ದೂರ ಬಿಳಿ. ಸಮುದ್ರಮಟ್ಟ ಎಲ್ಲಿ ಅಂತ ತೋರಿಸುವ ಬೋರ್ಡು ನಮ್ಮ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ, ಬೆಟ್ಟಕ್ಕೆ ಅಂಟಿಕೊಂಡಿದೆ. ಇಂಥ ಜಾಗವನ್ನು ಇಂಥವನ ಜೊತೆ ನೋಡಲು ನಾನು ಏನು ಮಾಡಿದ್ದೆನೋ. ಎಲ್ಲದಕ್ಕೂ ‘ಓ ಮೈ ಗಾಡ್’ ಅಂದು ಅಂದು ಗಂಟಲು ಕಟ್ಟಿದೆ.

ಚಪಾತಿ, ಶೇಂಗಾ ಚಟ್ನಿ ಬಿಚ್ಚಿದಾಗ ಅವನೇ ಶುರು ಮಾಡಿದ. ಮದುವೆಯಾಗಿ ಮನೆಗೆ ಬಂದ ಜೋಡಿಯನ್ನು ಹುಡುಗನ ಅಕ್ಕ ಬಾಗಿಲಲ್ಲಿ ತಡೆಯಬೇಕು. ಸೊಸೆಯ ಕೈಯಲ್ಲಿ ಒಡಪು ಹೇಳಿಸಬೇಕು, ಅಂದರೆ ಪ್ರಾಸ ಕಟ್ಟಿ ಗಂಡನ ಹೆಸರು. ‘ಮಗಳು ಹುಟ್ಟಿದರೆ ನಿಮ್ಮ ಮನೆಗೆ ಸೊಸೆಯಾಗಿ ಕೊಡ್ತೀವಿ’ ಅನ್ನಿಸಿಕೊಂಡು ಆಮೇಲೆ ಒಳಗೆ ಬಿಡಬೇಕು. ನಮ್ಮನ್ನು ತಡೆದದ್ದು ಅವನ ಕಸಿನ್ ನಿಸರ್ಗಾ. ತಡೆಯಬೇಕಾದವರು ಮಾಧುರಿ ಅಕ್ಕ. ಆದರೆ ಬಂಗಾರೆವ್ವ ಅತ್ತೆ, ಅಂದರೆ ಮಾವನವರ ಅಕ್ಕ, ಫ್ಯಾಮಿಲಿ ಕಾಲ್‌ನಲ್ಲಿ ಎಲ್ಲರೆದುರು ಅಂದರಂತೆ: ‘ಡೈವೋರ್ಸ್ ಆದಾಕಿ ಬಾಗಲದಾಗ ನಿಂದ್ರೂದು ಬ್ಯಾಡ.’ ಅಕ್ಕ ಆ ಕಾಲ್‌ನಲ್ಲೇ ಇದ್ದರು. ‘ಪ್ರಸಾದ, ನೀ ಏನಂತಿ?’ ಅಂತ ಕೇಳಿದರು.

‘ನೀನೇನಂದೆ?’
‘ಏನೂ ಅನ್ನಲಿಲ್ಲ, ಸಂಯು.’

ಅಕ್ಕ ಟಿಕೆಟ್ ಕ್ಯಾನ್ಸಲ್ ಮಾಡಿದರು.

ಆ ಬಾಗಿಲಲ್ಲಿ ನಾನು ಎಷ್ಟು ನಕ್ಕಿದ್ದೆ! ಅದು ಬೇರೆಯವರ ಜಾಗ ಅಂತ ಯಾರೂ ಹೇಳಿರಲಿಲ್ಲ. ಅವನ ಮೇಲೆ ಕೋಪ ಬಂತು. ಹೇಳಿದನಲ್ಲ ಅಂತ ಸಮಾಧಾನವೂ ಆಯಿತು. ಎರಡೂ ಒಟ್ಟಿಗೆ... ಹೀಗೂ ಆಗುತ್ತದೆಯಾ?

ಮಾರ್ಚ್ 15, ಶನಿವಾರ

ದಾರಿಯುದ್ದಕ್ಕೂ ಪ್ರಸಾದನಿಗೆ ಭಯ. ಟ್ಯಾಂಕ್ ತುಂಬಿದ್ದರೂ ಗ್ಯಾಸ್ ಸ್ಟೇಷನ್ ಕಂಡಲ್ಲೆಲ್ಲ ನಿಲ್ಲಿಸುತ್ತಾನೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಹಿಮ! ನಿನ್ನೆ ಉಪ್ಪು, ಇವತ್ತು ಹಿಮ.

ಅಕ್ಕ ಬಾಗಿಲು ತೆಗೆದರು. ಅದೇ ಮೂಗು, ಅವನದೇ! ನನ್ನ ಕೆನ್ನೆ ಮುಟ್ಟಿ ‘ಬಾರವಾ’ ಅಂದರು. ಅವನಿಗೆ ಬರೀ ‘ಚಪ್ಪಲಿ ಅಲ್ಲಿ ಬಿಡು.’ ಟೀ ಹೊತ್ತಿನಲ್ಲಿ ಅವನು ಟೈರ್ ಪ್ರೆಶರ್ ಬಗ್ಗೆ ಮಾತಾಡಿದ. ಚಳಿಯಲ್ಲಿ ಎಷ್ಟು ಇಳಿಯುತ್ತೆ, ಎಷ್ಟು ತುಂಬಿಸಬೇಕು... ಸಿಂಕಿಗೆ ಹೋಗಿ ಅತ್ತು ಬರೋಣ ಅನ್ನಿಸಿತು.

ಮಾರ್ಚ್ 16, ಭಾನುವಾರ, ಸಂಜೆ

ಅಕ್ಕ ನಮ್ಮ ಜೊತೆ ಪೆಟ್ರಿಫೈಡ್ ಫಾರೆಸ್ಟಿಗೆ ಬಂದರು! ಮರಗಳೆಲ್ಲ ಕಲ್ಲಾಗಿ ನೆಲದ ಮೇಲೆ ಉರುಳಿವೆ. ಒಳಗೆ ಕೆಂಪು, ಹಳದಿ, ನೇರಳೆ. ಗಾಳಿಗೆ ದುಪಟ್ಟಾ ಹಾರಿ ಹೋಗಿ, ಮೂವರೂ ಅದರ ಹಿಂದೆ ಓಡಿ... ಆಗ ಅಕ್ಕ ಮೊದಲ ಸಲ ನಕ್ಕರು.

ಪ್ರಸಾದ್ ಒಂದು ಕಲ್ಲುಮರ ತೋರಿಸಿ, ‘ಅಕ್ಕಾ, ನಿನ್ನ ಸಿಟ್ಟೂ ಹಿಂಗ ಕಲ್ಲಾಗೇತೇನ?’ ಅಂದ.
‘ಸಿನಿಮಾ ಡೈಲಾಗ್ ಹೊಡೀಬ್ಯಾಡ.’

ಪಿಕ್ನಿಕ್ ಟೇಬಲ್ಲಿನಲ್ಲಿ ಕೊನೆಗೂ ಹೇಳಿದ. ತಲೆ ತಗ್ಗಿಸಿ. ‘ಅವತ್ತು ನಾ ಸುಮ್ಮನ ಕೂತೆ. ತಪ್ಪಾತು.’

ಅಕ್ಕ ಕಿತ್ತಳೆ ಸುಲಿಯತೊಡಗಿದರು. ‘ಅತ್ತಿ ಅಂದದ್ದಕ್ಕ ನನಗ ಏನೂ ಅನ್ನಸಲಿಲ್ಲ. ಆಕಿ ಎಲ್ಲಾರಿಗೂ ಅಂತಾಳ. ಫೋನಿನ್ಯಾಗ ನಿನ್ನ ಉಸಿರು ಕೇಳಸ್ತಿತ್ತು ನೋಡು. ಮಾತು ಬರಲಿಲ್ಲ.’ ಆಮೇಲೆ — ‘ಅವತ್ತು ಎಲ್ಲಾರೂ ಇದ್ರು. ಇವತ್ತು ಈ ಮರುಭೂಮ್ಯಾಗ ಯಾರು ಅದಾರೋ ಕೇಳಾಕ?’

ನನ್ನ ಬಾಯಿ ಸುಮ್ಮನಿರಬೇಕಲ್ಲ! ವಾಪಸ್ ಬಂದ ತಕ್ಷಣ ಅವರ ಬಾಗಿಲಲ್ಲಿ ನಿಂತು, ‘ಅಕ್ಕಾ, ನಮ್ಮನ್ನ ಈಗ ತಡೀರಿ, ಪ್ಲೀಸ್!’ ಅಂದೆ.

‘ಹುಚ್ಚಿ! ಇದು ನನ್ನ ಮನಿ. ಬಾಗಲಾ ತಡಿಯೂದು ನಿಮ್ಮ ಮನ್ಯಾಗ.’
‘ಹಾಗಾದ್ರೆ ನಮ್ಮ ಮನೆಗೆ, ಕ್ಯಾಂಪ್‌ಬೆಲ್‌ಗೆ ಬನ್ನಿ. ಸೆಕೆಂಡ್ ಫ್ಲೋರು.’
‘ನೋಡೂಣು.’

ಅಕ್ಕನ ‘ನೋಡೂಣು’ ಅಂದರೆ ಇಲ್ಲ ಅಂತ ಅರ್ಥ, ಅಂದ ಪ್ರಸಾದ್. ಇರಲಿ. ಮೂರು ಡಬ್ಬಿ ಗುರೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಿದ್ದಾರೆ. ಇಲ್ಲ ಅನ್ನುವವರು ಮೂರು ಡಬ್ಬಿ ಕೊಡುತ್ತಾರಾ?

ಮಾರ್ಚ್ 18, ಜೋಶುವಾ ಟ್ರೀ

ಸಿಗ್ನಲ್ ಇಲ್ಲ. ಪ್ರಸಾದ್ ಬಂಡೆ ಹತ್ತಿ ಫೋನ್ ಎತ್ತಿ ಹಿಡಿದು ನಿಂತಿದ್ದಾನೆ. ಇಲ್ಲಿನ ಮರಗಳೂ ಹಾಗೇ, ಕೈಯೆತ್ತಿ ನಿಂತಿವೆ. ನಕ್ಕೂ ನಕ್ಕೂ ಸಾಕಾಯಿತು. ಪಾಪ.

ಮಾರ್ಚ್ 29, ಶನಿವಾರ, ಸಂಜೆ

ಹುಬ್ಬಳ್ಳಿಯಲ್ಲಿ ಆಗಲೇ ಯುಗಾದಿಯ ಬೆಳಿಗ್ಗೆ. ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸೇರಿದ್ದರು. ಮಾವ, ಅತ್ತೆಮ್ಮ, ನಿಸರ್ಗಾ, ಹೊಸ ಸೀರೆಯಲ್ಲಿ ಬಂಗಾರೆವ್ವ ಅತ್ತೆ. ಮೂಲೆಯ ಚೌಕದಲ್ಲಿ ಅಕ್ಕ. ಕ್ಯಾಮೆರಾ ಆಫ್, ಮ್ಯೂಟ್.

ಪ್ರಸಾದ್ ಎದ್ದು ನಿಂತ. ಸ್ಕೂಲಿನಲ್ಲಿ ಉತ್ತರ ಹೇಳುವವನ ಹಾಗೆ. ಸ್ಕ್ರೀನಿನಲ್ಲಿ ಅವನ ಹೊಟ್ಟೆ ಮಾತ್ರ ಕಾಣುತ್ತಿತ್ತು, ನಾನು ಫೋನ್ ಮೇಲೆತ್ತಿ ಹಿಡಿದೆ.

‘ಅತ್ತೀ, ಅಕ್ಕ ಬಾಗಲದಾಗ ನಿಂದ್ರೂದು ಬ್ಯಾಡ ಅಂತ ನೀ ಅಂದಾಗ ನಾ ಸುಮ್ಮನ ಕೂತೆ. ಅದು ನನ್ನ ತಪ್ಪು. ನಮ್ಮ ಬಾಗಲಾ ತಡಿಯಾಕಿ ಮಾಧುರಿ ಅಕ್ಕನ. ಇಲ್ಲಿ ನಮ್ಮ ಮನ್ಯಾಗ ಆಕಿನ ಬಂದು ನಮ್ಮನ್ನ ತಡೀಬೇಕು.’

ಬಂಗಾರೆವ್ವ ಅತ್ತೆ: ‘ತಡಿಯೂದು ಒಮ್ಮೆ ಆತಲ್ಲೋ! ಅದನ್ನ ಮತ್ತ ಮಾಡಸಾಕ ಎರಡನೇ ಮದಿವಿ ಆಗ್ತಿಯೇನು?’

ಯಾರೂ ನಗಲಿಲ್ಲ. ಮಾವ ಬೇವು-ಬೆಲ್ಲದ ಬಟ್ಟಲು ಕೆಳಗಿಟ್ಟರು. ‘ಅಕ್ಕಾ, ಆಕಿ ನನ್ನ ಮಗಳು. ತಡೀಲಿ ಬಿಡು.’

ಅಕ್ಕನ ಕ್ಯಾಮೆರಾ ಆನ್ ಆಯಿತು. ಕಣ್ಣು ಕೆಂಪು. ಒಂದು ಕ್ಷಣ ಎಲ್ಲರನ್ನೂ ನೋಡಿ ಹೊರಟುಹೋದರು.

ನನ್ನ ಗಂಡ! ಇವತ್ತು ಮತ್ತೊಮ್ಮೆ ಇವನನ್ನೇ ಮದುವೆಯಾಗುತ್ತೇನೆ.

ಏಪ್ರಿಲ್ 3, ಗುರುವಾರ

ಮೀಟಿಂಗಿನ ನಡುವೆ ಫೋನು. ಅಕ್ಕ! ಹೊರಗೆ ಓಡಿದೆ.

‘ಏ ಸಂಯುಕ್ತಾ, ಒಡಪು ಬಾಯಿಪಾಠ ಮಾಡು. ಚೀಟಿ ನೋಡಿ ಓದಿದ್ರ ಒಳಗ ಬಿಡಂಗಿಲ್ಲ. ಮತ್ತ ನನಗ ಮಗ ಇಲ್ಲ, ನಿಮ್ಮ ಮಗಳನ್ನ ತಗೊಂಡು ಏನ್ ಮಾಡ್ಲಿ? ಪ್ರತಿ ಬ್ಯಾಸಿಗಿ ರಜಾಕ್ಕ ನನ್ನ ಕಡೆ ಕಳಸ್ತೀವಿ ಅನ್ರಿ.’

ಹೂಂ, ಹೂಂ, ಹೂಂ ಅಂದೆ. ಪಾರ್ಕಿಂಗ್ ಲಾಟಿನಲ್ಲಿ ಕುಣಿದೆ. ಎಷ್ಟು ಗಂಟೆಯ ಫ್ಲೈಟು ಅಂತ ಕೇಳಿದೆ.

‘ಫ್ಲೈಟ್ ಬ್ಯಾಡ. ಅವನ ಮ್ಯಾಲೆ ಇನ್ನೂ ಸ್ವಲ್ಪ ಸಿಟ್ಟೈತಿ. ವಿಮಾನದಾಗ ಬಂದ್ರ ಅದು ಹೋಗೂ ಮೊದಲ ನಿಮ್ಮ ಊರು ಬಂದುಬಿಡ್ತೈತಿ. ರೈಲಿಗೆ ಬರ್ತೀನಿ.’

ಪ್ರಸಾದನಿಗೆ ಇನ್ನೂ ಹೇಳಿಲ್ಲ. ಕಾಲ್‌ಟ್ರೇನ್ ಇಳಿದು ಬರುತ್ತಿದ್ದಾನೆ. ಮೊದಲು ಇಲ್ಲಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ — ಏಪ್ರಿಲ್ ಹನ್ನೆರಡು, ಶನಿವಾರ. ಸ್ಯಾನ್ ಹೋಸೆ ಸ್ಟೇಷನ್. ಕೋಸ್ಟ್ ಸ್ಟಾರ್‌ಲೈಟ್ ರೈಲು...