ಒಳಮನೆ ನಿಧಾನವಾದದ್ದು

ಸೋಮವಾರ, ೩

ಬೆಳಿಗ್ಗೆ ಕಣ್ಣಿಗೆ ಬಿದ್ದದ್ದು — ಪರದೆಯ ಕೆಳಮೂಲೆಯಲ್ಲಿ ಒಂದು ಹಸಿರು ಆಮೆ. ಹೆಸರುಕಾಳಿನಷ್ಟು ಚಿಕ್ಕದು. ಶನಿವಾರ ಇರಲಿಲ್ಲ. ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಸೇರಿ ಇನ್ನೂ ಟ್ರೇನಿಂಗೇ ಮುಗಿದಿಲ್ಲ, ಆಮೆ ಬಂದಿದೆ ಎಂದು ಎದ್ದು ನಿಂತು ಹೇಳುವುದು ಹೇಗೆ.

ಭಾನುವಾರದ ರಜೆಯಲ್ಲಿ ಕೇಬಲಣ್ಣ ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದಾರೆ. ಸಿಸ್ಟಂ ನೋಡಿಕೊಳ್ಳುವವರು ಅವರು. ಕೊರಳಲ್ಲಿ ಯಾವಾಗಲೂ ಒಂದು ವೈರು ನೇತಾಡುತ್ತಿರುತ್ತದೆ, ಅದಕ್ಕೆ ಆ ಹೆಸರು. ಹೊರಗಿನಿಂದ ಎಲ್ಲ ಥಳಥಳ. ಒಳಮನೆ ಮಾತ್ರ ಎದ್ದೇಳುತ್ತಿಲ್ಲ.

ಒಳಮನೆ — ಈ ಪ್ರೆಸ್ಸಿನವರೇ ಕಟ್ಟಿದ ಮಾತು. ಬಂದ ದಿನವೇ ಇಷ್ಟವಾಯಿತು. ಶಾಲಾಪುಸ್ತಕಗಳ ಫೈಲುಗಳೆಲ್ಲ ಹಳೆಯ ಸಿಸ್ಟಂನಲ್ಲಿ ಮಾತ್ರ ತೆರೆಯುತ್ತವೆ. ಆ ಹಳೆಯದನ್ನು ಎಸೆಯಲಾರದೆ ಹೊಸ ಕಂಪ್ಯೂಟರಿನ ಒಳಗೇ ಇಟ್ಟುಕೊಂಡಿದ್ದಾರೆ. ಕಂಪ್ಯೂಟರಿನೊಳಗೊಂದು ಕಂಪ್ಯೂಟರು. ಕೇಬಲಣ್ಣ ಮಾತ್ರ ವರ್ಚುವಲ್ ಮಷೀನ್ ಅನ್ನುತ್ತಾರೆ.

ಇವತ್ತು ಪುಟ ತಿರುಗಿಸಿದರೆ ಪುಟಕ್ಕೆ ಮೊದಲು ಆಕಳಿಕೆ ಬರುತ್ತದೆ.

ಎದುರು ಮೇಜಿನಿಂದ ಮೇಷ್ಟ್ರು — "ಏನಮ್ಮಾ, ನಿನ್ನ ಒಳಮನೇಲೂ ಎಲ್ರೂ ಮಲಗಿದಾರಾ?"

"ಹೂಂ ಸರ್."

"ನಮ್ಮೋಳೂ ಅಷ್ಟೇ. ನಿದ್ದೆಗಣ್ಣಲ್ಲಿ ಓದ್ತಿದಾಳೆ. ಒಂದು ಪದಕ್ಕೂ ಇನ್ನೊಂದಕ್ಕೂ ಮಧ್ಯೆ ನೆಂಟರ ಮನೆಗೆ ಹೋಗಿ ಬರ್ತಾಳೆ."

ಮಂಗಳವಾರ, ೪

ನಿಧಾನವೇ. ಬರೆಯಲು ಬೇಕಾದಷ್ಟು ಪುರಸೊತ್ತು.

ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ. ಮೊದಲು ಭಾಷೆಯ ಪಾಠ ಹೇಳುತ್ತಿದ್ದವರು, ಈಗ ಇಲ್ಲಿಯ ಪ್ರೂಫ್ ರೀಡರ್. ಕೇಳಿ ಓದುತ್ತಾರೆ. ಒಳಮನೆಯಲ್ಲಿ ಒಂದು ಹಳೆಯ ಓದುವ ಪ್ರೋಗ್ರಾಂ ಇದೆ, ಹೆಣ್ಣುದನಿ. ಅವರು "ನಮ್ಮೋಳು" ಅನ್ನುವುದು ಅವಳನ್ನೇ. ಹೊಸ ದನಿಗಳು ಬೇಡವಂತೆ. "ಅವು ಸಂಭಾವಿತರು. ತಪ್ಪಿದ್ರೂ ತಾವೇ ತಿದ್ಕೊಂಡು ಓದಿಬಿಡ್ತವೆ. ನಮ್ಮೋಳಿಗೆ ನಯ ನಾಜೂಕು ಇಲ್ಲ. ಇದ್ದದ್ದನ್ನ ಇದ್ದ ಹಾಗೇ ಅಂತಾಳೆ."

ಇಲ್ಲಿ ಅವರೊಬ್ಬರದೇ ಲ್ಯಾಪ್‌ಟಾಪ್. ಮುಚ್ಚಳ ಮುಚ್ಚಿ, ಅದರ ಮೇಲೆ ಬೇರೊಂದು ದೊಡ್ಡ ಕೀಬೋರ್ಡ್ ಇಟ್ಟುಕೊಂಡು ಕೂರುತ್ತಾರೆ. ನಂಗ್ಯಾಕಮ್ಮಾ ಪರದೆ, ಜಾಗ ದಂಡ, ಎಂದಿದ್ದರು. ಎದುರಿಗೆ ನಾನು, ಮುಂದೆ ಮೂಲ ಪ್ರತಿ. ಅನುಮಾನ ಬಂದಲ್ಲಿ ಬೆರಳಿಂದ ಮೇಜಿಗೆ ಒಂದು ತಟ್ಟು ತಟ್ಟುತ್ತಾರೆ. ನಾನು ಮೂಲ ನೋಡಿ ಹೇಳಬೇಕು. ಮಾತು ಕಡಿಮೆ. ನನಗೆ ಹೇಳಿ ಮಾಡಿಸಿದ ಕೆಲಸ.

ಒಮ್ಮೆ ಅವರ ಹೆಡ್‌ಫೋನ್ ಜಾರಿದಾಗ ಕೇಳಿಸಿತ್ತು. ಎಷ್ಟು ವೇಗ! ನನಗದು ಮೊರದಿಂದ ಕಾಳು ಸುರಿದ ಸದ್ದು.

ಬುಧವಾರ, ೫

ಆಮೆಯ ವಿಷಯ ಕೊನೆಗೂ ಹೇಳಿದೆ. ಹೇಳಿದ್ದಲ್ಲ, ಕೇಬಲಣ್ಣ ಹಿಂದೆ ಬಂದು ನಿಂತಾಗ ಬೆರಳು ತೋರಿಸಿದೆ. ಅವರು ತಲೆ ಚಚ್ಚಿಕೊಂಡರು.

"ಇದನ್ನ ಮೊದ್ಲೇ ಹೇಳ್ಬಾರ್ದಾ! ಒಳಮನೆ ತೆವಳ್ತಿದೆ ಅನ್ನೋದಕ್ಕೆ ಗುರುತೇ ಈ ಆಮೆ. ಹೊಸ ಸಿಸ್ಟಂ ಬಂದ ಕೂಡ್ಲೇ ಬಾಗಿಲಲ್ಲಿ ತನ್ನದೊಬ್ಬ ಕಾವಲುಗಾರನ್ನ ಕೂರಿಸ್ಕೊಂಡಿದೆ. ಒಳಮನೆಯವ್ರು ನೀರು ಕೇಳಿದ್ರೂ ಇವನ ಅಪ್ಪಣೆ ಆಗ್ಬೇಕು. ನಿಧಾನ ಆಗ್ದೆ ಇನ್ನೇನು."

ಸುರಕ್ಷತೆಯ ಯಾವುದೋ ಸೆಟ್ಟಿಂಗ್. ತೆಗೆದು, ಆಫ್ ಮಾಡಿ ಆನ್ ಮಾಡಿದರು. ಆಮೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಒಳಮನೆಯಲ್ಲೂ ದೀಪ. ಮೇಷ್ಟ್ರ ಮುಚ್ಚಳ ತೆರೆದು ಅವರದ್ದೂ ಸರಿಮಾಡಿದರು. ಬರುವ ತಿಂಗಳು ಐದನೇ ತರಗತಿಯ ಪುಸ್ತಕ ಅಚ್ಚಿಗೆ ಹೋಗಬೇಕು. ಎಲ್ಲರೂ ಉಸಿರು ಬಿಟ್ಟರು.

ಶುಕ್ರವಾರ, ೭

ಮೇಷ್ಟ್ರದು ಮತ್ತೆ ನಿಧಾನ. ಅವರದು ಮಾತ್ರ.

ಕೇಬಲಣ್ಣ ನಿನ್ನೆಯಿಂದ ಹಲವು ಸಲ ಬಂದರು. ಕೀಬೋರ್ಡ್ ಪಕ್ಕಕ್ಕಿಟ್ಟು, ಮುಚ್ಚಳ ತೆರೆದು, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. "ಓಡ್ತಾ ಇದೆಯಲ್ಲ ಸರ್, ಕುದುರೆ ಥರ." ಮೇಷ್ಟ್ರೂ ಕೇಳಿ ಹೌದು ಅನ್ನುತ್ತಾರೆ. ಕೇಬಲಣ್ಣ ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಎಳೆತ. ಮೆಮೊರಿ ಹೆಚ್ಚಿಸಿಕೊಟ್ಟರು. ಹೊಸ ಡ್ರೈವರ್ ಹಾಕಿದರು. ಕೊನೆಯ ಸಲ ಬಂದಾಗ ಅವರ ಮುಖ ನೋಡಿದೆ. ಕೋಪವಿಲ್ಲ. ಕನಿಕರ. ಅದು ನನಗೆ ಹಿಡಿಸಲಿಲ್ಲ.

ತಟ್ಟುಗಳು ಕಡಿಮೆಯಾಗಿವೆ. ಅರ್ಧ ಪಾಠ ಮುಗಿಯುವಷ್ಟರಲ್ಲಿ ಸಂಜೆ.

ಸೋಮವಾರ, ೧೦

ಮ್ಯಾನೇಜರ್ ಮೇಡಂ ತಾವೇ ಬಂದು ನಿಂತರು. ಕೇಬಲಣ್ಣ ತೆರೆದು ತೋರಿಸಿದರು. ಓಡಿತು. ಮೇಡಂ ಮೇಷ್ಟ್ರ ಭುಜ ಒಮ್ಮೆ ಮುಟ್ಟಿ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಮೆಲ್ಲಗೆ — "ನೋಡಮ್ಮಾ, ಯಾರಾದ್ರೂ ಬಂದ್ರೆ ಸರಿ ಇರುತ್ತೆ, ಹೋದ್ರೆ ಕೆಡುತ್ತೆ. ಅಂದ್ರೆ ಕೆಟ್ಟಿರೋದು ಮಷೀನಲ್ಲ." ಬೆರಳು ಹಣೆಯ ಹತ್ತಿರ ಹೋಯಿತು. "ನಮ್ಮಪ್ಪಂಗೂ ಮರೆವು ಹೀಗೇ ಶುರುವಾಗಿದ್ದು. ಎಲ್ರೂ ಬಿಟ್ಟು ಬಿಟ್ಟು ಮಾತಾಡ್ತೀರಾ ಯಾಕೆ ಅಂತ ಬೈತಿದ್ರು. ಕೊನೆಗೆ ನನ್ನ ಹೆಸರೂ ಹೋಯ್ತು."

ಕೊಡಿ ಸರ್, ನಾನೂ ಒಮ್ಮೆ ಕೇಳ್ತೀನಿ — ಅನ್ನಬಹುದಿತ್ತು. ಅವರ ಕಿವಿಯಿಂದ ತೆಗೆದುಕೊಂಡು ನನ್ನ ಕಿವಿಗಿಡುವುದು ಏನೋ ಅತಿಯಾಯಿತು ಎನಿಸಿ ಸುಮ್ಮನಾದೆ. ನನ್ನ ಸಂಕೋಚಕ್ಕಿಷ್ಟು ಬೆಂಕಿ ಹಾಕ.

ಬುಧವಾರ, ೧೨

ಮೇಡಂ ರೂಮಿಗೆ ಕರೆದರು. ಕುರ್ಚಿಯ ತುದಿಯಲ್ಲಿ ಕೂತೆ.

"ಮೇಷ್ಟ್ರನ್ನ ಫೋನ್ ಡೆಸ್ಕಿಗೆ ಹಾಕೋಣ ಅಂತಿದೀನಿ. ಸಂಬಳ ಕಡಿಮೆ ಮಾಡಲ್ಲ. ಪ್ರೂಫ್ ಇನ್ನು ನೀನೇ ನೋಡು, ಕಣ್ಣಲ್ಲೇ. ಸೋಮವಾರ ಆರ್ಡರ್ ಕೊಡ್ತೀನಿ. ನೀನು ಖಾಯಂ."

"ಇಲ್ಲಾಂದ್ರೆ…" ಎಂದೆ.

"ಇಲ್ಲಾಂದ್ರೆ ಪ್ರೂಫಿಗೆ ಇರೋದು ಒಂದೇ ಹುದ್ದೆ ಅಲ್ವಾ. ಅವರು ಅದರಲ್ಲಿದ್ರೆ ತಿಂಗಳ ಕೊನೆಗೆ ನಿನ್ನ ಟ್ರೇನಿಂಗ್ ಮುಗೀತು, ಅಷ್ಟೆ. ನನಗೂ ಬೇಜಾರೇ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಸ್ತ್ರಿಗೆ ನಿಲ್ಲುತ್ತಾಳೆ. ಸಂಜೆಯ ಹೊತ್ತಿಗೆ ಪಾದ ಚಪ್ಪಲಿಗೆ ಹಿಡಿಸುವುದಿಲ್ಲ. ಬಕೆಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡೇ ಕೇಳಿದಳು. ಕೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಅಯ್ಯೋ, ಅಳ್ತಿಲ್ಲ ಕಣೇ, ಬೆವರು. ಇನ್ನೊಂದು ವರ್ಷ ನಿಲ್ತೀನಿ. ಆಮೇಲೆ ಕೂತ್ಬಿಟ್ರೆ ಕೂತೇ. ಕ್ರೇನ್ ತಂದು ಎಬ್ಬಿಸ್ಬೇಕು ನೀನು."

ಇಬ್ಬರೂ ನಕ್ಕೆವು. ಮೇಷ್ಟ್ರ ವಿಷಯ ಅರ್ಧ ಮಾತ್ರ ಹೇಳಿದ್ದೆ.

ಗುರುವಾರ, ೧೩ — ಸಂಜೆ, ಬಸ್ ಸ್ಟಾಪಿನಲ್ಲಿ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೇಷ್ಟ್ರ ದೊಡ್ಡ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿತು. ಒರೆಸಿ ಒಣಗಿಸಲು ಕೇಬಲಣ್ಣ ಒಯ್ದರು. ಬೇರೆ ಸಿಗುವವರೆಗೆ ಎಂದು ಮೇಷ್ಟ್ರು ಲ್ಯಾಪ್‌ಟಾಪ್ ತೆರೆದು ಅದರ ಕೀಲಿಗಳ ಮೇಲೇ ಕೆಲಸ ಮಾಡಿದರು. "ಬೆರಳು ಇಕ್ಕಟ್ಟಿನ ಬಾಡಿಗೆ ಮನೆಗೆ ಬಂದ ಹಾಗಾಗಿದೆ" ಎಂದು ಗೊಣಗುತ್ತಾ.

ಮತ್ತೆ ತಟ್ಟು ಶುರುವಾಯಿತು. ಒಂದರ ಮೇಲೊಂದು. ಮೂಲದ ಪುಟ ತಿರುವಿ ತಿರುವಿ ನನಗೇ ಸಾಕಾಯಿತು. ಗಣಿತದ ಲೆಕ್ಕವೊಂದರಲ್ಲಿ ಇಡೀ ಸಾಲು ಬಿಟ್ಟುಹೋಗಿದ್ದನ್ನು ಹಿಡಿದರು. ನಾನು ಕಣ್ಣಲ್ಲಿ ನೋಡಿ ದಾಟಿಸಿದ್ದ ಪುಟ ಅದು. ಮೇಷ್ಟ್ರ ಮುಖ ಹಳೆಯ ಮುಖವಾಗಿತ್ತು. "ಇವತ್ತು ತಲೆ ಸರಿ ಇದೆ ಕಣಮ್ಮಾ" ಎಂದರು.

ಮಧ್ಯಾಹ್ನ ಕೀಬೋರ್ಡ್ ವಾಪಸ್ ಬಂತು. ಮುಚ್ಚಳ ಮುಚ್ಚಿ ಅದರ ಮೇಲಿಟ್ಟರು. ತಟ್ಟು ನಿಂತಿತು. ಬೆರಳು ಹಾಗೇ ಎತ್ತಿಕೊಂಡು ಕಾಯುತ್ತಾ ಕೂತರು.

ಮುಚ್ಚಳ.

ಚಹಾಕ್ಕೆ ಅವರು ಎದ್ದು ಹೋದಾಗ ಹೆಡ್‌ಫೋನ್ ಹಾಕಿಕೊಂಡೆ. ಅವಳು ಓದುತ್ತಿದ್ದಳು. ಒಂದು ಪದ… ಆಮೇಲೆ ಖಾಲಿ… ಇನ್ನೊಂದು ಪದ. ಅರ್ಥವಾಗುವಷ್ಟು ನಿಧಾನ! ಕೀಬೋರ್ಡ್ ಎತ್ತಿ ಮುಚ್ಚಳ ತೆರೆದೆ. ಮೊರದಿಂದ ಕಾಳು ಸುರಿಯಿತು. ಮುಚ್ಚಿದೆ. ತುಸು ಹೊತ್ತು ಸುರಿದು, ಮೆಲ್ಲಗೆ ಸೋರತೊಡಗಿತು. ಮತ್ತೆ ತೆರೆದೆ. ಕೊನೆಗೆ ಮುಚ್ಚಿ ಕೀಬೋರ್ಡನ್ನು ಮೊದಲಿನ ಹಾಗೇ ಮೇಲಿಟ್ಟೆ.

ಹಳೆಯ ಸಿಸ್ಟಂಗೆ ಮುಚ್ಚಳದ ಗೊಡವೆ ಇರಲಿಲ್ಲ. ಹೊಸದಕ್ಕೆ ಮುಚ್ಚಳ ಮುಚ್ಚಿತೆಂದರೆ ಎದುರಿಗೆ ಯಾರೂ ಇಲ್ಲ. ನೋಡುವವರಿಲ್ಲ, ಕರೆಂಟು ಉಳಿಸೋಣ, ಅವಸರವೇನು ಎಂದು ಒಳಮನೆಯ ಕೈಕಾಲು ಹಿಡಿದು ಕೂರಿಸುತ್ತದೆ. ಕೇಬಲಣ್ಣ ಪ್ರತಿ ಸಲವೂ ಮೊದಲು ಮಾಡಿದ್ದೇ ಮುಚ್ಚಳ ತೆರೆಯುವುದು. ಕಣ್ಣಿದ್ದವರು ಇನ್ನೇನು ಮಾಡಿಯಾರು.

ಮೇಷ್ಟ್ರ ತಲೆಗೆ ಏನೂ ಆಗಿಲ್ಲ.

ಅವರು ವಾಪಸ್ ಬಂದು ಬೆರಳಾಡಿಸಿ ನೋಡಿದರು. "ಏನಮ್ಮಾ, ಕೀಬೋರ್ಡ್ ಜರುಗಿದೆ?"

"ಧೂಳು ಒರೆಸಿದೆ ಸರ್."

ಹಾಗೆಂದೆ. ಯಾಕೆ ಹಾಗೆಂದೆ ಎಂದು ಗೊತ್ತು. ಬರೆಯಲಾರೆ. ಬಸ್ಸು ಬಂತು.

ಶುಕ್ರವಾರ, ೧೪

ಹೇಳಲಿಲ್ಲ.

ಶನಿವಾರ, ೧೫

ಅರ್ಧ ದಿನ. ಮೇಡಂ ಮೇಷ್ಟ್ರಿಗೆ ಫೋನ್ ಡೆಸ್ಕಿನ ಮಾತು ಹೇಳಿದ್ದಾರೆ. ಜಗಳವಾಗುತ್ತದೆ ಎಂದುಕೊಂಡಿದ್ದೆ. ಆಗಲಿ ಎಂದೂ ಅಂದುಕೊಂಡಿದ್ದೆ — ಅವರೇ ಹೋರಾಡಿದರೆ ನಾನು ಬಾಯಿ ತೆರೆಯುವುದು ಬೇಡ.

"ಸರಿ ಮೇಡಂ ಅಂದುಬಿಟ್ಟೆ" ಎಂದರು, ಊಟದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ. "ಮಕ್ಕಳ ಪುಸ್ತಕ. ನನ್ನ ಹಟಕ್ಕೆ ತಪ್ಪು ಉಳ್ಕೊಂಡ್ರೆ ಹೇಗೆ? ನಿನಗೆ ಖಾಯಂ ಆಯ್ತಲ್ಲ, ಅದೊಂದು ಖುಷಿ. ಎಷ್ಟು ಸಣ್ಣ ದನಿಯವಳು ನೀನು, ಬೇರೆ ಕಡೆ ಹೋದ್ರೆ ನುಂಗಿ ನೀರು ಕುಡೀತಾರೆ."

ಮೂಲ ಪ್ರತಿಯ ಹಾಳೆಗಳನ್ನು ಜೋಡಿಸತೊಡಗಿದೆ.

"ಸೋಮವಾರ ಮಧ್ಯಾಹ್ನ ಡಾಕ್ಟರ ಹತ್ರ ಹೋಗ್ತಿದೀನಿ. ತಲೆದು ಏನೋ ಫೋಟೋ ತೆಗೀತಾರಂತೆ. ಮಗಳಿಗೆ ಭಯ." ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. "ದಿನಾ ಬೆಳಿಗ್ಗೆ ಎದ್ದು ನನ್ನ ಕೊನೇ ಕ್ಲಾಸಿನ ಹಾಜರಿ ಕೂಗ್ತೀನಿ, ಮನಸ್ಸಲ್ಲೇ. ಯಾರಾದ್ರೂ ತಪ್ಪಿಸ್ಕೊಂಡಿದಾರಾ ಅಂತ. ಮೂರನೇ ಬೆಂಚಲ್ಲಿ ಒಬ್ಬಳಿದ್ಲು. ಗೋಡೆ ಕಡೆಗೆ. ಅವಳ ಹೆಸರು ಬರ್ತಾ ಇಲ್ಲ ಕಣಮ್ಮಾ, ನಿನ್ನೆಯಿಂದ."

ಯಾರಿಗಾದರೂ ಒಂದು ಹೆಸರು ಮರೆಯುತ್ತದೆ ಸರ್, ನನಗೇ ಎಷ್ಟೋ ಮರೆಯುತ್ತದೆ, ಎಂದೆ. ಹೇಳಬೇಕಾದದ್ದನ್ನು ಬಿಟ್ಟು ಇದನ್ನು ಹೇಳಿದೆ.

ಭಾನುವಾರ, ೧೬

ಅಮ್ಮ ನನಗೆ ಹೊಸ ಚಪ್ಪಲಿ ತಂದಿದ್ದಾಳೆ. ಖಾಯಂ ಆದವಳು ಹರಿದದ್ದು ಹಾಕಿಕೊಂಡು ಹೋಗಬಾರದಂತೆ. ತನಗೆ ತಂದುಕೊಂಡಿಲ್ಲ. ಕೇಳಿದ್ದಕ್ಕೆ — "ನನ್ನ ಪಾದಕ್ಕೆ ಅಂಗಡೀಲಿ ಅಳತೆ ಇಲ್ಲ, ದೋಣಿ ಮಾಡೋರ ಹತ್ರ ಹೋಗ್ಬೇಕು."

ಇಡೀ ದಿನ ಲೆಕ್ಕ ಹಾಕಿದೆ. ಫೋನ್ ಡೆಸ್ಕಿನಲ್ಲಿ ಕುರ್ಚಿ ಮೆತ್ತಗಿದೆ. ಸಂಬಳ ಅಷ್ಟೇ. ಅವರಿಗೂ ವಯಸ್ಸಾಯಿತು. ಡಾಕ್ಟರು ಏನೂ ಇಲ್ಲ ಎಂದೇ ಹೇಳುತ್ತಾರೆ. ಎಲ್ಲವೂ ನಿಜ. ಒಂದೊಂದಾಗಿ ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ಕೂಡಿಸಿದರೆ ಮಾತ್ರ… ಹಾಸಿಗೆಯಿಂದ ಎದ್ದೊಡನೆ, ಕತ್ತಲಿಗೂ ಬೆಳಕಿಗೂ ವ್ಯತ್ಯಾಸವಿಲ್ಲದ ಆ ಹೊತ್ತಿನಲ್ಲಿ, ಒಬ್ಬರು ತಮ್ಮ ತಲೆಯೊಳಗೆ ಬೆಂಚಿನಿಂದ ಬೆಂಚಿಗೆ ತಡಕಾಡುತ್ತಿದ್ದಾರೆ. ಹೆದರಿಕೊಂಡು. ಅದನ್ನು ನಿಲ್ಲಿಸುವ ಮಾತು ನನ್ನ ಹತ್ತಿರ ಇದೆ. ಗುರುವಾರದಿಂದ ಇದೆ.

"ಹೊಟ್ಟೆ ನೋವಾ?" ಎಂದಳು ಅಮ್ಮ.

"ಇಲ್ಲ."

"ಮತ್ತೆ ಮುಖ ಯಾಕೆ ಹಿಂಡಿದ ಬಟ್ಟೆ ಆಗಿದೆ?"

ಹೇಳಿಬಿಟ್ಟೆ. ಎಲ್ಲ. ಧೂಳು ಒರೆಸಿದ್ದನ್ನೂ. ಅಮ್ಮ ಬೈಯಲಿಲ್ಲ, ಒಳ್ಳೆಯದು ಮಾಡು ಎಂದೂ ಹೇಳಲಿಲ್ಲ. ಬಕೆಟಿನ ನೀರು ಆರಿಹೋಗಿತ್ತು, ಆದರೂ ಕಾಲು ತೆಗೆಯಲಿಲ್ಲ. ಕೊನೆಗೆ — "ನನ್ನನ್ನ ನೋಡ್ಕೊಂಡು ಏನೂ ಮಾಡ್ಬೇಡ. ಮಾಡಿದ್ಮೇಲೆ ನನ್ನ ಮುಖ ನೋಡಕ್ಕಾಗ್ಬೇಕು ನಿನಗೆ, ಅಷ್ಟೆ." ಮತ್ತೆ ಎದ್ದು ನೀರು ಚೆಲ್ಲಲು ಹೋದಳು. ಬೆನ್ನು ತಿರುಗಿಸಿಯೇ ನಿಂತಿದ್ದಳು, ಸ್ವಲ್ಪ ಹೊತ್ತು.

ಸೋಮವಾರ, ೧೭ — ಬೆಳಿಗ್ಗೆ, ಆಫೀಸು

ಎಲ್ಲರಿಗಿಂತ ಮೊದಲು ಬಂದೆ. ನೆಲ ಇನ್ನೂ ಒದ್ದೆ. ಮೇಡಂ ರೂಮಿನ ದೀಪ ಹತ್ತಿಲ್ಲ.

ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಬಂದೆ. ನಾನು ಹಾಗೇ, ಕಂಡಕ್ಟರ ಹತ್ತಿರ ಚಿಲ್ಲರೆ ಕೇಳುವುದಕ್ಕೂ ಮೊದಲು ಮನಸ್ಸಿನಲ್ಲಿ ಬರೆದುಕೊಳ್ಳುವವಳು. ಇಳಿಯುವಷ್ಟರಲ್ಲಿ ಒಂದೂ ಉಳಿದಿಲ್ಲ. ಇರಲಿ.

ಮೊದಲು ಮೇಷ್ಟ್ರಿಗೆ. ಮೇಡಂಗೆ ಮೊದಲು ಹೇಳಿದರೆ ಮತ್ತೆ ಅವರ ಬೆನ್ನ ಹಿಂದೆಯೇ ಮಾತಾಡಿದ ಹಾಗೆ. ಹೆಡ್‌ಫೋನ್ ಅವರ ಕಿವಿಗೆ, ಅವರ ಕೈ ಮುಚ್ಚಳಕ್ಕೆ. ಅವರೇ ಎತ್ತಲಿ, ಅವರೇ ಇಳಿಸಲಿ, ನಂಬಿಕೆ ಬರುವವರೆಗೆ. ಆಮೇಲೆ ಇದು ನನಗೆ ಗೊತ್ತಾದದ್ದು ಇವತ್ತಲ್ಲ ಎಂದು ಹೇಳುವುದು. ಬೈದರೆ ಬೈಸಿಕೊಳ್ಳುವುದು. ಬೈಯದೆ ಸುಮ್ಮನಾದರೆ, ಅದನ್ನೂ.

ಡಾಕ್ಟರ ಹತ್ತಿರ ಹೋಗುವುದಿದ್ದರೆ ಹೋಗಲಿ. ಹೆದರಿಕೊಂಡು ಹೋಗುವುದು ಬೇಡ.

ಆಮೇಲೆ ಇಬ್ಬರೂ ಮೇಡಂ ರೂಮಿಗೆ. ಆರ್ಡರನ್ನು ತೆಗೆದುಕೊಳ್ಳುವುದಿಲ್ಲ. ಅಷ್ಟು ಹೇಳಲು ಒಂದೇ ವಾಕ್ಯ ಸಾಕು, ದನಿ ಸಣ್ಣದಾದರೂ. ತಿಂಗಳ ಕೊನೆಯವರೆಗೆ ಐದನೇ ತರಗತಿಯ ಪುಸ್ತಕ ಇಬ್ಬರೂ ಸೇರಿ ಮುಗಿಸಬಹುದು. ಅದರಾಚೆಗಿನದು ಗೊತ್ತಿಲ್ಲ.

ಕೆಳಗೆ ಸ್ಕೂಟರ್ ನಿಂತ ಸದ್ದು. ಮೇಷ್ಟ್ರ ಮಗಳು ಏನೋ ಹೇಳುತ್ತಿದ್ದಾಳೆ, ಅವರು ನಗುತ್ತಿದ್ದಾರೆ, ಅವಳಿಗೋಸ್ಕರ ನಗುವ ನಗು. ನನ್ನ ಕುರ್ಚಿಯನ್ನು ಎದುರಿನಿಂದ ಅವರ ಪಕ್ಕಕ್ಕೆ ಎಳೆದಿಟ್ಟಿದ್ದೇನೆ. ಮೆಟ್ಟಿಲು ಹತ್ತಿದರು. ಬಾಗಿಲ ಹತ್ತಿರ ಬಂದರು. ಇನ್ನು ಬರೆಯುತ್ತಾ ಕೂತರೆ…