ಸಾಹೇಬರು ಚೆನ್ನಾಗಿ ತಿಂದರು

ಮಂಗಳವಾರ, ಮಧ್ಯಾಹ್ನ

ರೀ,

ಏನೆಂದು ಕರೆಯುವುದು ಎಂದು ಯೋಚಿಸಿ ಯೋಚಿಸಿ ಆಗಲೇ ಒಂದು ಹಾಳೆ ಹರಿದು ಹಾಕಿದೆ. ಹದಿನಾಲ್ಕು ವರ್ಷ ಕರೆದ ಹಾಗೇ ಇರಲಿ ಬಿಡಿ. ಎರಡು ವರ್ಷ ಬೇರೆ ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ ನೀವೇನೂ ‘ಮಾನ್ಯರೇ’ ಆಗಿಬಿಡುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದರೆ ಮೂರನೆಯ ಮಾತಿಗೆ ನಿಮ್ಮ ದನಿ ಏರುತ್ತದೆ, ನಾಲ್ಕನೆಯದಕ್ಕೆ ನಾನು ಇಟ್ಟುಬಿಡುತ್ತೇನೆ. ಇವತ್ತಿನ ವಿಷಯ ಪೂರ್ತಿ ಹೇಳಬೇಕಾದದ್ದು, ಅದಕ್ಕೇ ಕಾಗದ.

ಸಾಹೇಬರಿಗೆ ಚೆನ್ನಾಗಿಲ್ಲ. ಚೆನ್ನಾಗಿಲ್ಲ ಎಂದರೆ ಹೋದ ತಿಂಗಳ ಹಾಗಲ್ಲ, ಬಹಳ ಚೆನ್ನಾಗಿಲ್ಲ.

ಬೆಳಿಗ್ಗೆ ಒಂದು ಶಾಲೆಯ ಸಮವಸ್ತ್ರಗಳಿಗೆ ಅಂಚು ಹೊಲಿಯುತ್ತಿದ್ದೆ. ಸಾಹೇಬರು ಎಂದಿನಂತೆ ಯಂತ್ರದ ಕೆಳಗೆ, ನನ್ನ ಎಡಪಾದದ ಹತ್ತಿರ ಕೂತಿದ್ದರು. ಪಾದ ಒದ್ದೆಯಾಯಿತು. ಬಗ್ಗಿ ನೋಡಿದರೆ ಗದ್ದದಿಂದ ಎದೆಯವರೆಗೆ ಜೊಲ್ಲು, ಜೊಲ್ಲಿನಲ್ಲಿ ರಕ್ತದ ಎಳೆ. ಹೊಲಿಗೆ ಅಲ್ಲೇ ಬಿಟ್ಟು ಬುಟ್ಟಿಗೆ ಹಾಕಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ. ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು ಜೊತೆಯದು ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ನೀವಿದ್ದಿದ್ದರೆ ನಗುತ್ತಿದ್ದಿರಿ.

ತೊಂದರೆ ಇರುವುದು ಹಲ್ಲಿನಲ್ಲಂತೆ. ಕಾಣುವ ಮುಂಬಲ್ಲಲ್ಲ, ಒಳಗಿನ ದವಡೆ ಹಲ್ಲು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಹುಲ್ಲು ಅಗಿದು ಅಗಿದು ಸವೆಯದಿದ್ದರೆ ಓರೆಯಾಗಿ ಮುಳ್ಳಿನಂತೆ ಏಳುತ್ತದೆ. ಎಡಗಡೆಯದು ನಾಲಿಗೆಯನ್ನು ಕೊಯ್ದಿದೆ. ಬೇರಿನಲ್ಲಿ ಕೀವು ತುಂಬಿದೆ. ಇದು ಒಂದೆರಡು ದಿನದ್ದಲ್ಲ, ಎರಡು ತಿಂಗಳಾದರೂ ಆಗಿರಬೇಕು ಎಂದರು.

ಎರಡು ತಿಂಗಳಿಂದ ಡಾಕ್ಟರಮ್ಮ ಹುಡುಕುತ್ತಿದ್ದದ್ದು ಬೇರೆ. ತೂಕ ಇಳಿಯುತ್ತಲೇ ಇತ್ತು, ಆದರೆ ಒಂದು ವಾರ ನಿಮ್ಮ ಮನೆಗೆ, ಒಂದು ವಾರ ನನ್ನ ಮನೆಗೆ ಬುಟ್ಟಿಯ ಜೊತೆ ಓಡಾಡುವ ನಮ್ಮ ಪುಸ್ತಕದಲ್ಲಿ ದಿನವೂ ‘ಸಾಹೇಬರು ಚೆನ್ನಾಗಿ ತಿಂದರು’ ಎಂದೇ ಇತ್ತು. ತಿಂದೂ ಸೊರಗುತ್ತಿದೆ ಎಂದರೆ ಮೂತ್ರಪಿಂಡವೋ ಹೊಟ್ಟೆಯೋ ಇರಬೇಕೆಂದು ಕಾಲಿನ ಕೂದಲು ಬೋಳಿಸಿ ಮೂರು ಸಲ ರಕ್ತ ತೆಗೆದರು, ಎರಡು ಸಲ ಎಕ್ಸ್‌ರೇ ಮಾಡಿದರು. ಇವತ್ತು ಆ ಪುಸ್ತಕವನ್ನು ನನ್ನ ಮುಂದೆ ಹಿಡಿದು, “ಯಾವುದಮ್ಮಾ ಸುಳ್ಳು ಹೇಳ್ತಿರೋದು, ಪುಸ್ತಕನಾ, ತಕ್ಕಡಿನಾ?” ಎಂದು ಕೇಳಿದರು.

ಸುಳ್ಳು ಹೇಳಿದ್ದು ನಾನು ರೀ. ‘ಬಟ್ಟಲು ಖಾಲಿ’ ಎಂದು ಬರೆದೆನಲ್ಲ, ಖಾಲಿ ಮಾಡಿದವಳು ನಾನೇ, ಕಸದ ಡಬ್ಬಿಗೆ. ನನ್ನ ವಾರದಲ್ಲಿ ತಿನ್ನಲಿಲ್ಲ ಎಂದು ಬರೆದರೆ ನೀವು ಏನನ್ನುತ್ತೀರಿ ಎಂಬುದು ನನ್ನ ಕಿವಿಗೆ ಮೊದಲೇ ಕೇಳುತ್ತಿತ್ತು: “ಅವಳ ಮನೆ ಅದಕ್ಕೂ ಸೇರ್ತಿಲ್ಲ ನೋಡು.” ಆ ಒಂದು ಮಾತು ಕೇಳಬಾರದು ಎಂದು ಅಷ್ಟೂ ದಿನ ಬರೆದೆ. ಎಂಥ ಹೊಟ್ಟೆಕಿಚ್ಚಿನವಳು ನಾನು, ಎಂಥ ಕೆಟ್ಟ ಹೆಂಗಸು!

ನೀವೂ ಸಾಚಾ ಅಲ್ಲ ಬಿಡಿ. ಮೂರು ವಾರದ ಹಿಂದೆ ಬುಟ್ಟಿಯ ತಳದ ಬಟ್ಟೆ ಒಗೆಯಲು ತೆಗೆದಾಗ ಒಣಗಿದ ಕ್ಯಾರೆಟ್ ಚೂರುಗಳು ಉದುರಿದವು. ಒಂದೊಂದೂ ಸಾಸಿವೆಯಷ್ಟು ಸಣ್ಣ. ಕನ್ನಡಕಕ್ಕೆ ಅಷ್ಟಷ್ಟೇ ತಿರುಪು ಕೂರಿಸುವ ಕೈ ಬಿಟ್ಟರೆ ಬೇರೆ ಯಾರ ಕೈಯೂ ಅಷ್ಟು ಸಣ್ಣಗೆ ಹೆಚ್ಚಲಾರದು. ಚೆನ್ನಾಗಿ ತಿನ್ನುವ ಮೊಲಕ್ಕೆ ಯಾರಾದರೂ ಹಾಗೆ ಹೆಚ್ಚುತ್ತಾರೆಯೇ? ಆ ವಾರದ ನಿಮ್ಮ ಪುಟದಲ್ಲೂ ‘ಚೆನ್ನಾಗಿ ತಿಂದರು’ ಎಂದೇ ಇತ್ತು. ನನಗೆ ಅವತ್ತೇ ಅರ್ಥವಾಯಿತು. ಅರ್ಥವಾಗಿಯೂ ಸುಮ್ಮನಿದ್ದೆ, ನೀವು ಮೊದಲು ಒಪ್ಪಿಕೊಳ್ಳಲಿ ಎಂದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ನಮ್ಮ ಕೂಸು ಒಂದು ಕಿಲೋ ಒಂಬೈನೂರು ಗ್ರಾಂ ಇದ್ದದ್ದು ಈಗ ಒಂದೂಕಾಲು ಕಿಲೋ.

ವಕೀಲರು ಮಕ್ಕಳಿದ್ದಾರೆಯೇ ಎಂದು ಕೇಳಿದಾಗ ನಾನು ಇಲ್ಲ ಎಂದೆ, ನೀವು “ಮೊಲ ಇದೆ ಸಾರ್” ಅಂದಿರಿ. ವಕೀಲರು ಪೆನ್ನು ಕೆಳಗಿಟ್ಟು ನಕ್ಕರು. ನನಗೆ ಮಾತ್ರ ಅಳು ಬಂತು. ಅವತ್ತು ಹೇಳಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಈಗ ಮುಖ್ಯ ಮಾತು. ಡಾಕ್ಟರಮ್ಮ ಎರಡು ದಾರಿ ಹೇಳಿದ್ದಾರೆ. ಅರಿವಳಿಕೆ ಕೊಟ್ಟು ಮುಳ್ಳು ಉಜ್ಜಿ, ಆ ಹಲ್ಲು ಕಿತ್ತು, ಕೀವು ತೆಗೆಯುವುದು ಒಂದು. ಒಂಬತ್ತು ವರ್ಷದ ಜೀವ, ಈ ತೂಕ, ಈ ಸುಸ್ತು. ಎದ್ದರೆ ಎದ್ದ ಹಾಗೆ, ಇಲ್ಲದಿದ್ದರೆ ಇಲ್ಲ. ಎದ್ದರೂ ಆರೇಳು ವಾರಕ್ಕೆ ಉಳಿದ ಹಲ್ಲು ಮತ್ತೆ ಬೆಳೆಯುತ್ತವೆ, ಮತ್ತೆ ಅದೇ ಮೇಜು, ಅದೇ ಸೂಜಿ. ನೋವಿಲ್ಲದೆ ಕಳಿಸಿಕೊಡುವುದು ಇನ್ನೊಂದು. ಎರಡು ತಿಂಗಳ ಮೊದಲೇ ಹಲ್ಲು ಎಂದು ಗೊತ್ತಾಗಿದ್ದರೆ ಮೊದಲನೆಯದನ್ನೇ ಧೈರ್ಯವಾಗಿ ಹೇಳುತ್ತಿದ್ದೆ ಎಂದರು. ನಿಮ್ಮದೇ ಮೊಲವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ನಾಚಿಕೆ ಬಿಟ್ಟು ಕೇಳಿದೆ. “ತೊಡೆ ಮೇಲೆ ಮಲಗಿಸ್ಕೊಂಡು ಕಳಿಸ್ಕೊಡ್ತಿದ್ದೆ” ಅಂದರು. ಚೀಟಿಯಲ್ಲಿ ಇಬ್ಬರ ಹೆಸರೂ ಇರುವುದರಿಂದ ಇಬ್ಬರೂ ಒಪ್ಪದೆ ಯಾವುದನ್ನೂ ಮಾಡುವುದಿಲ್ಲವಂತೆ. ಗುರುವಾರದೊಳಗೆ ತಿಳಿಸಬೇಕು.

ನನಗೆ ಎರಡನೆಯದೇ ಸರಿ ಎನಿಸುತ್ತದೆ.

ನೀವು ಏನನ್ನುತ್ತೀರಿ ಎಂದು ಗೊತ್ತು. ನಾನು ಪೆಟ್ಟಿಗೆ ಕಟ್ಟಿಕೊಂಡು ಹೊರಟ ದಿನ ಬಾಗಿಲಲ್ಲಿ ನಿಂತು ಅಂದಿರಲ್ಲ, “ನಿನಗೆ ರಿಪೇರಿ ಮಾಡೋ ತಾಳ್ಮೆ ಇಲ್ಲ, ಬಿಟ್ಟು ಹೋಗೋದೊಂದು ಗೊತ್ತು” ಅಂತ. ದಿನವಿಡೀ ಹರಿದದ್ದನ್ನು ಹೊಲಿಯುವವಳಿಗೆ ಹೇಳಿದಿರಿ ಆ ಮಾತು! ಎರಡು ವರ್ಷದಿಂದ ಅದು ನನ್ನೊಳಗೆ ಚುಚ್ಚುತ್ತಲೇ ಇದೆ. ಈಗ ಇದನ್ನೂ ಅದರ ಲೆಕ್ಕಕ್ಕೇ ಸೇರಿಸುತ್ತೀರಿ ಎಂಬ ಭಯಕ್ಕೆ, ಆಪರೇಷನ್ನೇ ಆಗಲಿ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಹೇಳಿಯೇಬಿಡುತ್ತಿದ್ದೆ. ನಿಮ್ಮ ಕಣ್ಣಲ್ಲಿ ಒಳ್ಳೆಯವಳಾಗಲು ಆ ಮುದಿಜೀವವನ್ನು ಮೇಜಿನ ಮೇಲೆ ಮಲಗಿಸುತ್ತಿದ್ದೆ. ಅದು ಹೊಳೆದ ಕೂಡಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಸುಳ್ಳಿನ ಪುಟಗಳಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ನಮ್ಮ ಸಂಸಾರ ಬಿಟ್ಟು ಬಂದದ್ದು ತಪ್ಪೋ ಸರಿಯೋ, ಅದು ಬೇರೆ ದಿನದ ಜಗಳ. ಇದು ಆ ಜಗಳವಲ್ಲ. ಸಾಹೇಬರಿಗೆ ನೋಯುತ್ತಿದೆ. ಮೊಲಕ್ಕೆ ನೋವಾದರೆ ಕೂಗುವುದಿಲ್ಲ, ಹಲ್ಲು ಕಡಿಯುತ್ತದೆ ಅಷ್ಟೆ. ಆ ಸದ್ದನ್ನು ನಾನು ಖುಷಿಯ ಸದ್ದು ಎಂದುಕೊಂಡು ಎಷ್ಟೋ ದಿನ ತಲೆ ಸವರಿದ್ದೇನೆ. ನೀವೂ ಸವರಿರುತ್ತೀರಿ.

ನನ್ನ ಮಾತೇ ನಡೆಯಬೇಕೆಂಬ ಹಟವಿಲ್ಲ. ಒಂದು ಸಲ ಬಂದು, ಎತ್ತಿಕೊಂಡು, ಗದ್ದ ಮುಟ್ಟಿ ನೋಡಿ. ಊರಿನವರ ಕಣ್ಣಿಗೆಲ್ಲ ಗಾಜು ಹಾಕಿ ತೋರಿಸುವವರು ನೀವು, ನಿಮಗೆ ಕಾಣದೆ ಇರುವುದಿಲ್ಲ. ನೋಡಿದ ಮೇಲೂ ಆಪರೇಷನ್ ಎಂದರೆ ನಾನು ಎರಡನೆಯ ಮಾತಾಡದೆ ಸಹಿ ಹಾಕುತ್ತೇನೆ. ನೋಡದೆ ಹೇಳಬೇಡಿ, ಅಷ್ಟೇ ಕೇಳುವುದು.

ಇಂತಿ,
‘ನಿಮ್ಮವಳು’ ಎಂದು ಬರೆಯಬಹುದೋ ಇಲ್ಲವೋ ತಿಳಿಯದ,
ಸಾಹೇಬರವಳು

ತಾ.ಕ.: ಗುರುವಾರ ಎಂದದ್ದು ಡಾಕ್ಟರಮ್ಮ ಅಲ್ಲ, ನಾನು. ಅವರು ಹೇಳಿದ್ದು ಇವತ್ತೇ, ಹಾಗೆ ಬರೆಯಲು ಕೈ ಏಳಲಿಲ್ಲ. ನೋವಿನ ಚುಚ್ಚುಮದ್ದು ಸಂಜೆಯವರೆಗೆ ತಡೆಯುತ್ತದೆ, ಅದರ ಮೇಲೆ ಕಾಯಿಸುವುದು ಪಾಪ ಎಂದರು. ನಾನು ಮನೆಗೆ ಹೋಗೇ ಇಲ್ಲ ರೀ. ಇದನ್ನೆಲ್ಲ ಬರೆದದ್ದು ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಸಾಹೇಬರನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಒಬ್ಬಳೇ ಆಗುವುದಿಲ್ಲ ನನ್ನ ಕೈಲಿ. ಈ ಕಾಗದ ತಂದುಕೊಟ್ಟ ಆಟೋದವರಿಗೆ ನಿಲ್ಲಲು ಹೇಳಿದ್ದೇನೆ. ಅಂಗಡಿ ಬಾಗಿಲು ಎಳೆದು ಅದೇ ಆಟೋ ಹತ್ತಿ ಬನ್ನಿ.