ಗಣಪತಿಗೆ ಕಣ್ಣು ಬರೆದವರು

ಕೊಪ್ಪಳ, ಶುಕ್ರವಾರ
ತಾ. ೧೦ ಅಕ್ಟೋಬರ್ ೧೯೪೧

ಚಿರಂಜೀವಿ ತಮ್ಮ ಹನುಮಂತಪ್ಪನಿಗೆ,

ಅಕ್ಕ ಕಸ್ತೂರೆಮ್ಮನ ಆಶೀರ್ವಾದ ಇದೆ, ಸಿಟ್ಟು ಅದಕ್ಕಿಂತ ಹೆಚ್ಚಿದೆ. ನಾಟಕ ಕಂಪನಿಯ ಊಟ ಮೈಗೆ ಹಿಡಿಯಿತೇ? ಪರದೆ ಬರೆಯಲು ಏಣಿ ಹತ್ತಿ ಹತ್ತಿ ಮೊಣಕಾಲು ನೋವು ಅಂತಿದ್ದೆಯಲ್ಲ, ಎಣ್ಣೆ ತಿಕ್ಕಿಕೊಳ್ಳುತ್ತೀಯೋ ಇಲ್ಲವೋ. ಇಲ್ಲಿ ನಾವೆಲ್ಲ ಆರಾಮ. ನಿನ್ನ ಮಗಳು ಫಕೀರಮ್ಮ ಹೊಟ್ಟೆ ತುಂಬ ಉಣ್ಣುತ್ತಾಳೆ. ತಮ್ಮ ಗಾಳೆಪ್ಪನ ಕಣ್ಣುಬೇನೆ ವಾಸಿಯಾಗಿದೆ. ಅವನ ಕೈಲಿ ಕಾಗದ ಬರೆಸಿದರೆ ನನ್ನ ಮಾತಿನ ಖಾರ ತೆಗೆದುಹಾಕುತ್ತಾನೆ, ಅದಕ್ಕೇ ಸೊಟ್ಟ ಅಕ್ಷರದಲ್ಲಿ ನಾನೇ ಬರೆಯುತ್ತಿದ್ದೇನೆ.

ಫಕೀರಮ್ಮನಿಗೆ ಹೈದರಸಾಬನ ಚಿತ್ರದ ಕ್ಲಾಸು ಬಿಡಿಸು, ಅವಳ ಕುಂಚ ಒಲೆಗೆ ಹಾಕು ಎಂದು ಅಪ್ಪಣೆ ಮಾಡಿದ್ದೀ. ಭಲೇ! ತಾಯಿ ಸತ್ತ ಎರಡು ವರ್ಷದ ಕೂಸನ್ನು ನನ್ನ ಉಡಿಗೆ ಹಾಕಿ ಹೋದವನು, ವರ್ಷಕ್ಕೆ ಎರಡು ಸಲ ಮುಖ ತೋರಿಸುವವನು, ಗದಗಿನಲ್ಲಿ ಕೂತು ನನಗೆ ಹುಕುಂ ಕಳಿಸುತ್ತೀ. ಸಾಬನ ಕಟ್ಟೆಗೆ ನಮ್ಮ ಹುಡುಗಿ ಹೋಗಬಾರದಂತೆ. ದರ್ಗಾಕ್ಕೆ ಹರಕೆ ಹೊತ್ತು, ಮಗಳು ಹುಟ್ಟಿದ ಮೇಲೆ ಫಕೀರಮ್ಮ ಅಂತ ಹೆಸರಿಟ್ಟವನು ಯಾರು? ಆಗ ಎಲ್ಲಿ ಹೋಗಿತ್ತು ಈ ಬಿಂಕ?

ಹೈದರಸಾಬ ನಮ್ಮ ಮನೆತನದ ಮರದ ಗೊಂಬೆಯ ಕೆಲಸ ಕದಿಯುತ್ತಾನೆ ಅಂತಲೂ ಬರೆದಿದ್ದೀ. ಟಾಂಗಾದ ಹಲಗೆಗೆ ಹೂವು ಬರೆದು ಬದುಕುವ ಮನುಷ್ಯ ಅವನು. ನಮ್ಮ ಸೀಮೆಯಲ್ಲಿ ಶುಕ್ರವಾರ ಶಾಲೆಗೆ ರಜೆ ಅಂತ, ನಮಾಜಿಗೆ ಹೋಗುವ ತನಕ ಓಣಿಯ ಹತ್ತು ಮಕ್ಕಳನ್ನು ಕೂಡಿಸಿ ಇದ್ದಿಲು, ಸುಣ್ಣ, ಕೆಮ್ಮಣ್ಣು ಕೊಡುತ್ತಾನೆ. ಅವನ ಹೆಂಡತಿ ಬಾನುಬೀ ಎಲ್ಲರಿಗೂ ಚುರಮುರಿ ಹಂಚುತ್ತಾಳೆ. "ನಂದು ನೋಡಿ ಬರೀಬ್ಯಾಡ್ರಿ, ನೀವು ಕಂಡದ್ದು ಬರೀರಿ" ಅನ್ನುವುದೊಂದೇ ಅವನ ಪಾಠ. ನಮ್ಮ ಗೊಂಬೆಯ ಅಳತೆ ಏನು, ಬಣ್ಣ ಏನು ಎಂದು ಅವನು ಇವತ್ತಿನವರೆಗೂ ಕೇಳಿಲ್ಲ.

ಯುಗಾದಿಗೆ ಬಂದಾಗ ನೀನು ಮಾಡಿದ್ದು ಮರೆತೆಯಾ? ಅವಳು ಶಾಲೆಯ ಪಾಟಿಯ ಮೇಲೆ ಬಳಪದಲ್ಲಿ ಓಡುವ ಆಡು ಬರೆದು ನಿನಗೆ ತೋರಿಸಲು ಬಂದಳು. "ಆಡಿಗೆ ಆರು ಕಾಲು ಎಲ್ಲೈತಲೇ?" ಅಂದೆ. "ಓಡುವಾಗ ಹಂಗ ಕಾಣ್ತಾವಪ್ಪಾ" ಅಂದಳು ಪಾಪ. ಪಾಟಿ ಕಸಿದು ಕಲ್ಲಿಗೆ ಬಡಿದೆ. ಆ ಚೂರುಗಳನ್ನು ಅವಳು ಇನ್ನೂ ಕಟ್ಟಿ ಇಟ್ಟಿದ್ದಾಳೆ, ಎಸೆಯಲು ಬಿಡುವುದಿಲ್ಲ.

ನನಗೂ ಒಮ್ಮೆ ಹೀಗೇ ಆಗಿತ್ತು. ನೀನು ಆಗ ಸಣ್ಣವನು. ಕುಂಚ ಮುಟ್ಟಿದ್ದಕ್ಕೆ ಅಪ್ಪ ನನ್ನ ಬೆರಳ ಮೇಲೆ ಹೊಡೆದು, "ನೀ ಹೊರಗ ಹೋಗಾಕಿ, ನಿನಗ್ಯಾಕ ಇದು?" ಅಂದ. ಲಗ್ನವಾಗಿ ಹೋದೆ. ಮೂರೇ ವರ್ಷಕ್ಕೆ ಕುಂಕುಮ ಅಳಿಸಿಕೊಂಡು ತಿರುಗಿ ಬಂದೆ. ಅಂದಿನಿಂದ ನಿಮ್ಮ ಗೊಂಬೆಗಳಿಗೆ ಹುಣಸೆಬೀಜ ಅರೆದು ಅಂಟು ಕಾಸುತ್ತಿದ್ದೇನೆ, ಮರ ಉಜ್ಜುತ್ತಿದ್ದೇನೆ. ಕೊನೆಗೆ ದೇವರ ಗೊಂಬೆಗೆ ಕಣ್ಣು ಬರೆಯುವ ದಿನ ಮಾತ್ರ ಹೆಂಗಸರು ಹೊರಗೆ. ಅದು ಗಂಡಸರ ಕೈ, ಮಿಂದು ಉಪವಾಸ ಇದ್ದ ಕೈ! ನನಗೆ ಆ ಹೊಟ್ಟೆಯುರಿ ಇನ್ನೂ ಆರಿಲ್ಲ, ಹನುಮಂತಪ್ಪ. ಇನ್ನೊಬ್ಬಳಿಗೆ ಅದನ್ನು ದಾಟಿಸುವವಳು ನಾನಲ್ಲ.

ತಮಾಷೆ ನೋಡು, ಇಷ್ಟು ಬೈದ ಅದೇ ಕಾಗದದಲ್ಲಿ ಗಾಳೆಪ್ಪನನ್ನು ಹಾಡಿ ಹೊಗಳಿದ್ದೀ. ಶ್ರಾವಣದಲ್ಲಿ ಕಂಪನಿಗೆ ಕಳಿಸಿದ ಗಣಪತಿಯ ಮುಂದೆ ದಿನಾ ಆಟಕ್ಕೆ ಮೊದಲು ಕಾಯಿ ಒಡೆಯುತ್ತೀಯಂತೆ. "ಯಾವ ಕಡಿಗೆ ನಿಂತ್ರೂ ನನ್ನೇ ನೋಡ್ತಾನ, ಅಪ್ಪನ ಕೈ ನಮ್ಮ ಗಾಳೆಪ್ಪಗ ಬಂದೈತಿ" ಎಂದು ಬರೆದಿದ್ದೀ. ಗಾಳೆಪ್ಪನಿಗೆ ಅದನ್ನು ಓದಿ ಹೇಳಿದೆ. ತಲೆ ತಗ್ಗಿಸಿಕೊಂಡು ಎದ್ದು ಹೋದ.

ಸಾಕು, ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಲ್ಲಿ ಬರಿ ತಲೆಯಲ್ಲಿ ತಿರುಗಬೇಡ. ಬೈದರೂ ನೀನು ನೂರು ವರ್ಷ ಬಾಳಬೇಕೆನ್ನುವವಳೇ,

ನಿನ್ನ ಅಕ್ಕ
ಕಸ್ತೂರೆಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಂಪನಿಯ ಆಳು ಗಣಪತಿ ಒಯ್ಯಲು ಬಂದಾಗ ಅದಕ್ಕೆ ಕಣ್ಣು ಬರೆಯುವುದೊಂದು ಬಾಕಿ ಇತ್ತು, ಗಾಳೆಪ್ಪ ಬೇನೆಯಿಂದ ಎರಡೂ ಕಣ್ಣಿಗೆ ಅರಿವೆ ಕಟ್ಟಿಕೊಂಡು ಮಲಗಿದ್ದ. ನಾನೇ ಬಾಗಿಲು ಹಾಕಿ ಫಕೀರಮ್ಮನ ಕೈಗೆ ಕುಂಚ ಕೊಟ್ಟೆ. ಯಾರ ಕಣ್ಣು ಬರೆದೆ ಎಂದು ಆಮೇಲೆ ಕೇಳಿದರೆ, "ಅಪ್ಪ ಊರಿಗೆ ಹೋಗುವಾಗ ಓಣಿ ತುದಿಗೆ ನಿಂತು ಒಮ್ಮೆ ತಿರುಗಿ ನೋಡ್ತಾನಲ್ಲ, ಆ ಕಣ್ಣು" ಅಂದಳು. ಈಗ ಅವಳು ಹೈದರಸಾಬನ ಕಟ್ಟೆಯ ಮೇಲಿದ್ದಾಳೆ. ಕುಂಚ ಒಲೆಗೆ ಹಾಕುವುದಾದರೆ ನೀನೇ ಬಂದು ಹಾಕು.